ಬಚ್ಚಲುಮನೆಯ ಟೈಲಿನ ಹಿಂದೆ ಏನಿರಬೇಕು?

ಮನೆ ಕಟ್ಟಿಸುವವರು ಟೈಲಿನ ಅಂಗಡಿಯಲ್ಲಿ ಅರ್ಧ ದಿನ ಕಳೆಯುವುದು ಈಗ ಸರ್ವೇಸಾಮಾನ್ಯವಾಗಿದೆ. ಹೊಸೂರಿನಲ್ಲಾಗಲಿ ಕೃಷ್ಣಗಿರಿಯಲ್ಲಾಗಲಿ ಇಂಥ ಅಂಗಡಿಯೊಂದನ್ನು ಹೊಕ್ಕು ನೋಡಿದರೆ, ಗಂಡ ಹೆಂಡತಿ, ಅತ್ತೆ, ಮದುವೆಯಾಗಿ ಹೋದ ಮಗಳು, ಇಷ್ಟು ಜನ ಸೇರಿ ಬಣ್ಣದ ವಿಚಾರವಾಗಿ ವಾದ ಮಾಡುತ್ತಿರುವುದು ಕಾಣುತ್ತದೆ. ಹೂವಿನದು ಬೇಕೆಂದು ಒಬ್ಬರು, ಅಮೃತಶಿಲೆಯ ಗೆರೆಯದು ಬೇಕೆಂದು ಇನ್ನೊಬ್ಬರು. ಆದರೆ ಆ ಟೈಲು ಅಂಟಿಕೊಳ್ಳಬೇಕಾದ ಗೋಡೆ ಯಾವುದರದು, ಅದರ ಮೇಲಿನ ಗಾರೆ ಎಂಥದು ಎಂದು ಕೇಳಿದರೆ, "ಅದನ್ನೆಲ್ಲ ಮೇಸ್ತ್ರಿ ನೋಡಿಕೊಳ್ಳುತ್ತಾನೆ" ಎಂಬ ಉತ್ತರ ಬರುತ್ತದೆ. ಮೇಸ್ತ್ರಿಯಾದರೋ ಮುಂದಿನ ತಿಂಗಳು ಬೇರೆ ಊರಿನಲ್ಲಿರುತ್ತಾನೆ. ಗೋಡೆಯೊಡನೆ ಇಪ್ಪತ್ತು ವರ್ಷ ಬಾಳಬೇಕಾದವರು ನಾವು.

ಗಡಿನಾಡಿನ ಈ ಪತ್ರಿಕೆಯಲ್ಲಿ ಹೊಸೂರಿನ ಬಚ್ಚಲುಮನೆಯ ಪ್ರಸ್ತಾಪವೇಕೆಂದು ಓದುಗರು ಕೇಳಬಹುದು. ಕಾರಣವಿದೆ. ಕಾಸರಗೋಡು, ಕುಂಬಳೆ, ಮಂಜೇಶ್ವರದ ಕಡೆಯ ಎಷ್ಟೋ ಕನ್ನಡ ಮನೆಗಳ ಮಕ್ಕಳು ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸಕ್ಕಿದ್ದಾರೆ. ಬೆಂಗಳೂರಿನೊಳಗೆ ನಿವೇಶನ ಕೊಳ್ಳುವುದು ಆಗದ ಮಾತಾದ್ದರಿಂದ ಅತ್ತಿಬೆಲೆ ದಾಟಿ ಹೊಸೂರಿಗೆ ಬರುವವರುಂಟು. 2004ರಲ್ಲಿ ಧರ್ಮಪುರಿಯಿಂದ ಬೇರೆಯಾಗಿ ಕೃಷ್ಣಗಿರಿ ಜಿಲ್ಲೆಯಾಯಿತು. 2019ರಲ್ಲಿ ಹೊಸೂರು ಮಹಾನಗರಪಾಲಿಕೆಯಾಯಿತು. ಸುತ್ತಲಿನ ಹೊಲ, ರಾಗಿ ಗದ್ದೆಗಳೆಲ್ಲ ಒಂದೊಂದಾಗಿ ಬಡಾವಣೆಗಳಾಗುತ್ತಿವೆ. ಮಗ ಸಾಲ ತೆಗೆಯುತ್ತಾನೆ, ಊರಿನಲ್ಲಿರುವ ತಂದೆ ತಮ್ಮ ಭವಿಷ್ಯನಿಧಿಯ ಹಣ ಕೂಡಿಸುತ್ತಾರೆ. ಹೀಗೆ ಎರಡು ತಲೆಮಾರಿನ ದುಡಿಮೆ ಆ ನಾಲ್ಕು ಗೋಡೆಗಳಿಗೆ ಹೋಗುತ್ತದೆ.

ಹೀಗೆ ಬಂದವರಿಗೆ ಇಲ್ಲಿನ ಗೋಡೆಯೇ ಹೊಸದು. ಕರಾವಳಿಯಲ್ಲಿ ಮನೆಯೆಂದರೆ ಮುರಕಲ್ಲು. ಇಲ್ಲಿ ಇಟ್ಟಿಗೆ, ಸಿಮೆಂಟಿನ ಸಾಲಿಡ್ ಬ್ಲಾಕ್, ಈಚೆಗೆ ಬೂದಿಬಣ್ಣದ ಹಗುರ ಬ್ಲಾಕ್. ಮಾತಿನ ತೊಡಕು ಬೇರೆ. ಮಲೆಯಾಳದಲ್ಲಿ 'ಚೆಂಗಲ್ಲು' ಎಂದರೆ ಮುರಕಲ್ಲು. ತಮಿಳಿನಲ್ಲಿ 'ಸೆಂಗಲ್' ಎಂದರೆ ಸುಟ್ಟ ಇಟ್ಟಿಗೆ. ಕಾಸರಗೋಡಿನವರು 'ಸಾರಣೆ' ಎನ್ನುವುದನ್ನು ಹೊಸೂರಿನ ಕನ್ನಡದವರು 'ಗಾರೆ' ಎನ್ನುತ್ತಾರೆ, ತಮಿಳು ಕೊತ್ತನಾರ್ 'ಪೂಚ್ಚು' ಎನ್ನುತ್ತಾನೆ, ಉತ್ತರದಿಂದ ಬಂದ ಕೆಲಸದ ಹುಡುಗ 'ಪ್ಲಾಸ್ಟರ್' ಎಂದರೆ ತಿಳಿದುಕೊಳ್ಳುತ್ತಾನೆ. ಒಂದೇ ಪದಾರ್ಥಕ್ಕೆ ನಾಲ್ಕು ಹೆಸರು, ಒಂದೇ ಹೆಸರಿಗೆ ಎರಡು ಪದಾರ್ಥ. ಆದ್ದರಿಂದ ಇಲ್ಲಿ ಮಾತಿಗಿಂತ ಕೈಯಲ್ಲಿ ಹಿಡಿದು ತೋರಿಸಿ ಕೇಳುವುದೇ ಮೇಲು.

ಮೊದಲು ಒಂದು ತಪ್ಪು ತಿಳುವಳಿಕೆ ಹೋಗಬೇಕು. ಟೈಲು ಹಾಕಿದರೆ ಗೋಡೆಗೆ ನೀರು ಹೋಗುವುದಿಲ್ಲವೆಂದು ಬಹುಮಂದಿ ನಂಬಿದ್ದಾರೆ. ಟೈಲಿನ ಮೈಯ ಮೇಲಿನ ಗಾಜಿನ ಹೊಳಪೇನೋ ನೀರು ಕುಡಿಯದು. ಆದರೆ ಟೈಲು ಟೈಲಿನ ನಡುವಣ ಸಂದಿಯಲ್ಲಿ ತುಂಬಿರುವುದು ಸಿಮೆಂಟಿನ ಪುಡಿ, ಅದು ಕುಡಿಯುತ್ತದೆ. ನಲ್ಲಿಯ ಸುತ್ತ ಕೊರೆದ ತೂತಿನಲ್ಲಿ, ಮೂಲೆಯಲ್ಲಿ, ಸಾಬೂನಿನ ತಟ್ಟೆಗೆ ಹೊಡೆದ ಮೊಳೆಯ ಪಕ್ಕದಲ್ಲಿ ನೀರು ಒಳಗಿಳಿಯುತ್ತದೆ. ದಿನಕ್ಕೆ ಐದಾರು ಮಂದಿ ಸ್ನಾನ ಮಾಡುವ ಮನೆಯಲ್ಲಿ ಆ ಸಂದಿಗೆ ಒಣಗಲು ಪುರಸತ್ತೇ ಇಲ್ಲ. ಹಾಗಾಗಿ ಟೈಲಿನ ಹಿಂದಿರುವ ವಸ್ತು ನೀರು ಮುಟ್ಟಿದರೂ ಕೆಡದಂಥದಾಗಿರಬೇಕು. ಇದೊಂದನ್ನು ನೆನಪಿಟ್ಟರೆ ಮುಂದಿನದೆಲ್ಲ ತಾನಾಗಿ ಹೊಳೆಯುತ್ತದೆ.

ಈಗ 'ಬೋರ್ಡಿನ' ವಿಷಯ. ಟೈಲಿನ ಹಿಂದೆ ಹಲಗೆ ಕೂರಿಸುವ ಪದ್ಧತಿ ಹುಟ್ಟಿದ್ದು ಮರದ ಚೌಕಟ್ಟಿನ ಮನೆಗಳ ದೇಶಗಳಲ್ಲಿ. ಅಮೆರಿಕದಲ್ಲಿರುವ ನಮ್ಮವರ ಮನೆಗಳ ಗೋಡೆಯನ್ನು ಬೆರಳಿನಿಂದ ತಟ್ಟಿದರೆ ಡೋಲಿನಂತೆ ಸದ್ದಾಗುತ್ತದೆ. ಒಳಗೆ ಮರದ ಕಂಬ, ಹೊರಗೆ ಜಿಪ್ಸಂ ಹಲಗೆ. ಅಲ್ಲಿ ಬಚ್ಚಲಿಗೆಂದು ಹಸಿರು ಕಾಗದ ಹೊದಿಸಿದ, ತೇವ ತಡೆಯುವ ಜಿಪ್ಸಂ ಹಲಗೆಯನ್ನು ಹಲವು ದಶಕ ಬಳಸಿದರು. ಟೈಲು ಸಡಿಲವಾಗಿ, ಹಿಂದೆ ಬೂಷ್ಟು ಹಿಡಿದು ಸಾಕಾದ ಮೇಲೆ, 2006ರ ಆವೃತ್ತಿಯ ಅವರ ವಸತಿ ನಿರ್ಮಾಣ ಸಂಹಿತೆ ಷವರು ಮತ್ತು ಸ್ನಾನದ ತೊಟ್ಟಿಯ ಸುತ್ತ ಟೈಲಿನ ಹಿಂದೆ ಆ ಹಸಿರು ಹಲಗೆಯನ್ನು ಒಪ್ಪದೆ, ಸಿಮೆಂಟಿನ ಹಲಗೆಯನ್ನೋ ಗಾಜಿನೆಳೆ ಹೊದಿಸಿದ ಹಲಗೆಯನ್ನೋ ಕೇಳಿತು. ಅಲ್ಲಿ ಕೈಬಿಟ್ಟ ಹಸಿರು ಹಲಗೆ ಇಲ್ಲಿ 'ವಾಟರ್‌ಪ್ರೂಫ್ ಬೋರ್ಡು' ಎಂಬ ಬಿರುದು ಹೊತ್ತು ಮಾರಾಟವಾಗುವುದನ್ನು ನಾವು ಕಂಡಿದ್ದೇವೆ. ತೇವ ತಡೆಯುವುದು ಬೇರೆ, ನೀರು ತಡೆಯುವುದು ಬೇರೆ. ಛಾವಣಿಯ ಕೆಳಗೆ ಕೂರಿಸಲು, ಮಲಗುವ ಕೋಣೆ ಎರಡಾಗಿ ಮಾಡಲು ಅದು ಒಳ್ಳೆಯ ಹಲಗೆಯೇ. ನೀರು ಬೀಳುವ ಗೋಡೆಗಲ್ಲ.

ಜಿಪ್ಸಂ ಏಕೆ ಬೇಡವೆಂದು ತಿಳಿಯಲು ಶಾಲೆಯ ಒಂದು ಸೀಮೆಸುಣ್ಣದ ಕಡ್ಡಿ ಸಾಕು. ನಾವು ಕರಿಹಲಗೆಯ ಮೇಲೆ ಬರೆಯುವ ಸಾಮಾನ್ಯ ಕಡ್ಡಿ ಬಹುಮಟ್ಟಿಗೆ ಜಿಪ್ಸಮ್ಮೇ. ಅದನ್ನು ಒಂದು ಲೋಟ ನೀರಿಗೆ ಹಾಕಿದರೆ ಗುಳ್ಳೆ ಬಿಡುತ್ತ ನೀರು ಹೀರುತ್ತದೆ. ಸ್ವಲ್ಪ ಹೊತ್ತಿನಲ್ಲಿ ತೆಗೆದು ಉಗುರಿನಿಂದ ಗೀರಿದರೆ ಮೆತ್ತಗಾಗಿರುತ್ತದೆ. ಒಂದು ಲೀಟರು ನೀರಿನಲ್ಲಿ ಸುಮಾರು 2 ಗ್ರಾಂ ಜಿಪ್ಸಂ ಕರಗುತ್ತದೆ. ಕೇಳಲು ಅಲ್ಪವೆನಿಸಿದರೂ ವರ್ಷಾನುಗಟ್ಟಲೆ ಒಂದೇ ಜಾಗದಲ್ಲಿ ಇಳಿಯುವ ನೀರಿಗೆ ಅಷ್ಟು ಸಾಕು. ಹಲಗೆಯ ಮೇಲಿನ ಕಾಗದವಂತೂ ಬೂಷ್ಟಿಗೆ ಮೃಷ್ಟಾನ್ನ.

ಮತ್ತಿಗಿರಿಯ ಕಡೆ ನಾವು ನೋಡಿದ ಮನೆಯೊಂದರಲ್ಲಿ ಮಹಡಿಯ ಮೇಲೆ ಬಾಡಿಗೆಗೆಂದು ಎರಡು ಕೋಣೆ ಕಟ್ಟಿಸಿ, ಭಾರವಾಗುತ್ತದೆಂದು ಬಚ್ಚಲಿಗೆ ಕಬ್ಬಿಣದ ಚೌಕಟ್ಟು ನಿಲ್ಲಿಸಿ ಜಿಪ್ಸಂ ಹಲಗೆ ಹೊಡೆದು ಟೈಲು ಅಂಟಿಸಿದ್ದರು. ಮೊದಲ ವರ್ಷ ಏನೂ ಇಲ್ಲ. ಎರಡನೆಯ ವರ್ಷ ಪಕ್ಕದ ಕೋಣೆಯ ಗೋಡೆಗೆ ಹಸಿ ವಾಸನೆ. ಬಾಡಿಗೆಗಿದ್ದವರ ಮಗುವಿಗೆ ಕೆಮ್ಮು ಬಿಡದಾಯಿತು. ಕೆಮ್ಮಿಗೆ ಗೋಡೆಯೇ ಕಾರಣವೆಂದು ಹೇಳಲು ನಾವು ವೈದ್ಯರಲ್ಲ, ಆದರೆ ಆ ಕೋಣೆಯಲ್ಲಿ ನಮಗೂ ಉಸಿರು ಹಿಡಿದಂತಾಗಿತ್ತು. ಒಂದು ರಾತ್ರಿ ಸೊಂಟದೆತ್ತರದ ಮೂರು ಟೈಲುಗಳು ಒಟ್ಟಿಗೆ ಕಳಚಿ ಬಿದ್ದವು. ಪುಣ್ಯಕ್ಕೆ ಒಳಗೆ ಯಾರೂ ಇರಲಿಲ್ಲ. ಬಿಚ್ಚಿ ನೋಡಿದರೆ ಹಲಗೆ ನೆನೆದ ರೊಟ್ಟಿಯಂತಾಗಿತ್ತು, ಚೌಕಟ್ಟಿನ ತಿರುಪುಗಳು ತುಕ್ಕು ಹಿಡಿದು ಕೈಗೇ ಬಂದವು. ಇಡೀ ಬಚ್ಚಲನ್ನು ತೆಗೆದು ನಾಲ್ಕಂಗುಲದ ಸಾಲಿಡ್ ಬ್ಲಾಕಿನಲ್ಲಿ ಮತ್ತೆ ಕಟ್ಟಿದರು, ಅದೂ ಕೆಳಗೆ ತೊಲೆ ಇರುವ ಜಾಗವನ್ನು ಇಂಜಿನಿಯರಿಗೆ ತೋರಿಸಿಕೊಂಡ ಮೇಲೆ.

ಹಲಗೆಗಿಂತಲೂ ಹೆಚ್ಚು ಮನೆಗಳಲ್ಲಿ ಕಾಣುವ ಇನ್ನೊಂದು ಅಪಾಯವಿದೆ: ಜಿಪ್ಸಂ ಗಾರೆ. ನೀರುಣಿಸಬೇಕಾಗಿಲ್ಲ, ಎರಡು ಮೂರು ದಿನದಲ್ಲಿ ಒಣಗುತ್ತದೆ, ಕನ್ನಡಿಯಂತೆ ನುಣುಪಾಗಿರುತ್ತದೆ ಎಂದು ಈಗ ಅದಕ್ಕೆ ಗಿರಾಕಿ. ಹಜಾರಕ್ಕೆ, ಕೋಣೆಗೆ ಧಾರಾಳವಾಗಿ ಮಾಡಿಸಲಿ. ಆದರೆ ಕೆಲಸದವರು ಅದೇ ಓಟದಲ್ಲಿ ಬಚ್ಚಲಿಗೂ ಬಳಿದು ಹೋಗುವುದುಂಟು. ಅದರ ಮೇಲೆ ಸಿಮೆಂಟಿನಿಂದ ಟೈಲು ಕೂರಿಸಿದರೆ, ನೀರು ಸಿಕ್ಕಾಗ ಜಿಪ್ಸಂ ಸಿಮೆಂಟಿನೊಡನೆ ಸೇರಿ ಸೂಜಿಯಂಥ ಹರಳುಗಳಾಗಿ ಉಬ್ಬುತ್ತದೆ. ಉಬ್ಬಿದ ಪದರ ಟೈಲನ್ನು ಹಿಂದಿನಿಂದ ನೂಕುತ್ತದೆ. ಟೈಲು ಕೂರಿಸುವವನು ಎಷ್ಟೇ ಗಟ್ಟಿಗನಾದರೂ ಇಲ್ಲಿ ಅವನ ಕೈಚಳಕ ನಡೆಯದು. ಬಚ್ಚಲಿನ ಗೋಡೆ ಬೆಳ್ಳಗೆ ನುಣುಪಾಗಿದ್ದು, ಉಗುರಿನಿಂದ ಗೀರಿದರೆ ಪುಡಿ ಬಂದರೆ, ಟೈಲು ತರುವ ಮೊದಲೇ ಅದನ್ನು ಕೆತ್ತಿಸಬೇಕು.

ಹಲಗೆಯೇ ಅನಿವಾರ್ಯವಾದ ಕಡೆಗಳೂ ಇವೆ. ಹಳೆಯ ಮನೆಯ ಮೇಲೆ ಭಾರ ಹೊರಿಸಲಾಗದಿದ್ದರೆ, ಶೀಟಿನ ಮನೆಯಲ್ಲಿ ಮುದುಕರಿಗೆಂದು ಮಲಗುವ ಕೋಣೆಯ ಪಕ್ಕದಲ್ಲೇ ಬಚ್ಚಲು ಮಾಡಬೇಕಾದರೆ, ಸಿಮೆಂಟಿನ ನಾರು ಹಲಗೆ ಬಳಸಬಹುದು. ಇದಕ್ಕೆ ಐ.ಎಸ್. 14862 ಎಂಬ ಭಾರತೀಯ ಮಾನಕವಿದೆ. ಇದೂ ನೀರು ಹೀರುತ್ತದೆ, ಆದರೆ ನೀರಿಗೆ ಕರಗದು, ಕೊಳೆಯದು, ವ್ಯತ್ಯಾಸವಿರುವುದು ಅಲ್ಲಿ. ಟೈಲು ಹೊರಬೇಕಾದ ಹಲಗೆ ತೆಳ್ಳಗಿದ್ದರೆ ಬಾಗುತ್ತದೆ, ಬಾಗಿದರೆ ಸಂದಿ ಬಿರಿಯುತ್ತದೆ. ಹಿಂದಿನ ಚೌಕಟ್ಟಿನ ಕಂಬಗಳು 400 ಮಿಲಿಮೀಟರಿಗಿಂತ ದೂರವಿರಬಾರದು. ತುಕ್ಕು ಹಿಡಿಯದ ತಿರುಪು, ಹಲಗೆ ಹಲಗೆಯ ನಡುವೆ ಒಂದಿಷ್ಟು ಸಂದಿ, ಆ ಸಂದಿಗೆ ಕ್ಷಾರ ತಾಳುವ ಗಾಜಿನೆಳೆಯ ಪಟ್ಟಿ, ಕೆಳಗೆ ನೆಲಕ್ಕೆ ತಾಗದಂತೆ ಬೆರಳಿನಷ್ಟು ಅಂತರ, ಮೇಲೆ ನೀರು ತಡೆಯುವ ಲೇಪ ಇಷ್ಟೂ ಬೇಕು. ಇವುಗಳಲ್ಲಿ ಒಂದನ್ನು ಬಿಡುವ ಕೆಲಸಗಾರನಿಗೆ ಈ ಕೆಲಸ ಕೊಡದಿರುವುದೇ ಲೇಸು. ಪ್ಲೈವುಡ್ ಮಾತ್ರ ಬೇಡ. ಅದು ದೋಣಿಗೆ ಆಗುವ ಜಾತಿಯದೇ ಆಗಿರಲಿ, ತೇವಕ್ಕೆ ಉಬ್ಬಿ ಒಣಗಿದಾಗ ಕುಗ್ಗುತ್ತದೆ, ಟೈಲು ಅದರ ಜೊತೆ ಹಿಗ್ಗಿ ಕುಗ್ಗಲಾರದು.

ಸಿಮೆಂಟಿನ ಹಲಗೆ ಕೊಳ್ಳುವಾಗ ಆಸ್ಬೆಸ್ಟಾಸ್ ಇಲ್ಲದ್ದೆಂದು ಬರೆದಿರುವುದನ್ನೇ ಕೇಳಬೇಕು. ನಮ್ಮ ದೇಶದಲ್ಲಿ ಆಸ್ಬೆಸ್ಟಾಸ್ ಬೆರೆತ ಸಿಮೆಂಟು ಶೀಟು ಇನ್ನೂ ಮಾರಾಟದಲ್ಲಿದೆ. ಆಸ್ಬೆಸ್ಟಾಸಿನ ಎಲ್ಲ ಬಗೆಗಳೂ ಕ್ಯಾನ್ಸರು ತರುತ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಅದರ ಎಳೆ ಒಳಹೊಕ್ಕು ರೋಗವಾಗಿ ಕಾಣಿಸಿಕೊಳ್ಳಲು ಇಪ್ಪತ್ತು ಮೂವತ್ತು ವರ್ಷ ಹಿಡಿಯುವುದರಿಂದ, ಯಾರೂ ಆ ದಿನದ ಕೊರೆತವನ್ನು ನೆನೆಯುವುದಿಲ್ಲ. ಹಳೆಯ ಶೀಟಿನ ಚೂರು ಉಳಿದಿದೆಯೆಂದು ಅದನ್ನೇ ಕೊಯ್ದು ಬಚ್ಚಲ ಗೋಡೆಗೆ ಹೊಡೆಯುವ ಉಳಿತಾಯ ಯಾರಿಗೂ ಬೇಡ.

ಇನ್ನು ಕಟ್ಟಿದ ಗೋಡೆ. ನಮ್ಮ ಅಭಿಪ್ರಾಯ ಕೇಳಿದರೆ, ಈ ಸೀಮೆಯಲ್ಲಿ ಬಚ್ಚಲಿಗೆ ಸಾಲಿಡ್ ಬ್ಲಾಕ್ ಅಥವಾ ಚೆನ್ನಾಗಿ ಸುಟ್ಟ ಇಟ್ಟಿಗೆಗೆ ಸಮನಾದದ್ದಿಲ್ಲ. ಇಟ್ಟಿಗೆಯನ್ನು ಮನೆಯಲ್ಲೇ ಪರೀಕ್ಷಿಸಬಹುದು. ಒಣ ಇಟ್ಟಿಗೆಯನ್ನು ತೂಗಿ, 24 ಗಂಟೆ ನೀರಿನಲ್ಲಿ ಮುಳುಗಿಸಿಟ್ಟು, ಒರೆಸಿ ಮತ್ತೆ ತೂಗಬೇಕು. ಐ.ಎಸ್. 1077ರ ಪ್ರಕಾರ ಸಾಮಾನ್ಯ ದರ್ಜೆಯ ಇಟ್ಟಿಗೆ ತನ್ನ ತೂಕದ ನೂರಕ್ಕೆ 20ಕ್ಕಿಂತ ಹೆಚ್ಚು ನೀರು ಕುಡಿಯಬಾರದು. ಮೂರು ಕಿಲೋ ಇದ್ದದ್ದು ಮೂರು ಕಿಲೋ ಆರುನೂರು ಗ್ರಾಂ ಮೀರಿದರೆ ಆ ಗೂಡಿನ ಇಟ್ಟಿಗೆ ಬೇಡ. ಒಂಬತ್ತನೆಯ ತರಗತಿಯ ಹುಡುಗರಿಗೆ ಶೇಕಡಾ ಲೆಕ್ಕ ಹೇಳಿಕೊಡಲು ಇದಕ್ಕಿಂತ ಒಳ್ಳೆಯ ಉದಾಹರಣೆ ನಮಗೆ ಸಿಕ್ಕಿಲ್ಲ.

ಹಗುರವಾದ ಎ.ಎ.ಸಿ. ಬ್ಲಾಕುಗಳು ಮಹಡಿ ಮನೆಗಳಿಗೆ ಅನುಕೂಲ, ಸೆಕೆಯೂ ಕಡಿಮೆ. ಆದರೆ ಒಳಗೆಲ್ಲ ಗಾಳಿಗುಳ್ಳೆ ಇರುವುದರಿಂದ ಗಾರೆಯ ನೀರನ್ನು ಬೇಗ ಎಳೆದುಕೊಂಡು ಗಾರೆಯನ್ನು ಸತ್ವಹೀನ ಮಾಡುತ್ತವೆ. ಕಟ್ಟುವ ಮುನ್ನ ಮೈ ಮಾತ್ರ ತೇವ ಮಾಡಬೇಕು, ಇಟ್ಟಿಗೆಯಂತೆ ನೆನೆಹಾಕಬಾರದು. ಬ್ಲಾಕಿನ ಗೋಡೆ ಕಾಂಕ್ರೀಟು ಕಂಬವನ್ನು ಸೇರುವಲ್ಲಿ ಬಲೆ ಹೊಡೆದೇ ಗಾರೆ ಹಾಕಬೇಕು, ಇಲ್ಲದಿದ್ದರೆ ಬಿರುಕು ನೇರವಾಗಿ ಟೈಲಿನ ಮೇಲೆ ಗೆರೆ ಎಳೆಯುತ್ತದೆ. ಗೀಸರು, ಕೈತೊಳೆಯುವ ಬೇಸಿನ್ನು ತೂಗುಹಾಕುವ ಜಾಗದಲ್ಲಿ ಸಾಲಿಡ್ ಬ್ಲಾಕನ್ನೇ ಇಡಿಸುವುದು ಜಾಣತನ.

ತಳಿ, ದೇಂಕಣಿಕೋಟೆ, ಅಂಚೆಟ್ಟಿಯ ಹಳ್ಳಿಗಳಲ್ಲಿ ಮಣ್ಣಿನ ಗೋಡೆಯ ಮನೆಗಳು ಇನ್ನೂ ಇವೆ. ಮಣ್ಣಿನ ಗೋಡೆಗೆ ಟೈಲು ಅಂಟಿಸಲೇಬಾರದು. ಮಣ್ಣು ಉಸಿರಾಡಿ ಒಣಗುವ ಗೋಡೆ. ಒಂದು ಮೈಗೆ ಟೈಲು ಮುಚ್ಚಿದರೆ ಒಳಗಿನ ತೇವ ಹೊರಹೋಗಲಾರದೆ ಬುಡ ಕರಗುತ್ತದೆ. ನಮ್ಮ ಹಿರಿಯರು ಬಚ್ಚಲನ್ನು ಮನೆಯ ಗೋಡೆಯಿಂದ ಬೇರೆಯಾಗಿ ಹಿತ್ತಲಿನಲ್ಲಿ, ಕಲ್ಲು ಚಪ್ಪಡಿಗಳನ್ನು ನಿಲ್ಲಿಸಿ ಮಾಡಿಕೊಳ್ಳುತ್ತಿದ್ದುದು ಸುಮ್ಮನೆ ಅಲ್ಲ. ಕೃಷ್ಣಗಿರಿಯ ಬೆಣಚುಕಲ್ಲಿಗೆ ಹೊರದೇಶಗಳಲ್ಲಿ ಬೆಲೆಯುಂಟು. ಅದರ ಚಪ್ಪಡಿ ಇಲ್ಲೇ ಸಿಗುವಾಗ ಹಳ್ಳಿಯ ಬಚ್ಚಲಿಗೆ ಟೈಲೇ ಏಕೆ ಬೇಕೆಂದು ನಮಗೆ ಅನ್ನಿಸುವುದುಂಟು. ಆದರೆ ಸೊಸೆ ಟೈಲೇ ಬೇಕೆಂದರೆ ಮಾವ ಏನು ಮಾಡಬೇಕು? ಮಣ್ಣಿನ ಗೋಡೆಯಿಂದ ಒಂದು ಗೇಣು ಬಿಟ್ಟು ಬ್ಲಾಕಿನ ಗೋಡೆಯನ್ನು ಪ್ರತ್ಯೇಕವಾಗಿ ಎಬ್ಬಿಸಿ ಅದಕ್ಕೆ ಟೈಲು ಹಾಕಿಸಲಿ.

ಗೋಡೆ ಯಾವುದೇ ಇರಲಿ, ಟೈಲನ್ನು ಹಿಡಿದಿಡುವುದು ಗಾರೆ. ಒಂದಕ್ಕೆ ನಾಲ್ಕು ಸಿಮೆಂಟು ಮರಳು, ಅದರೊಳಗೆ ನೀರು ತಡೆಯುವ ದ್ರಾವಣ, ಸುಮಾರು 12 ಮಿಲಿಮೀಟರ್ ದಪ್ಪ, ಕಡಿಮೆಯೆಂದರೆ ಏಳು ದಿನ ನೀರುಣಿಸುವುದು ಇದು ವಾಡಿಕೆಯ ಲೆಕ್ಕ. ಎಂ-ಸ್ಯಾಂಡ್ ಬಳಸುವುದಾದರೆ ಗಾರೆಗೆಂದೇ ಜರಡಿ ಹಿಡಿದ ನಯವಾದದ್ದನ್ನು ಕೇಳಬೇಕು. ಕ್ರಷರಿನ ಧೂಳನ್ನೇ ಮರಳೆಂದು ತಂದು ಸುರಿಯುವವರಿದ್ದಾರೆ, ಅದರ ಗಾರೆ ಕೂದಲಿನಂತೆ ಬಿರಿಯುತ್ತದೆ. ಕೊನೆಗೆ ಸಿಮೆಂಟಿನ ಹಾಲು ಬಳಿದು ನುಣುಪು ಮಾಡುವುದು ಬಚ್ಚಲಿಗೆ ಬೇಡ. ಒರಟು ಮೈಗೆ ಟೈಲು ಕಚ್ಚುತ್ತದೆ. ಇಲ್ಲಿನ ಎಷ್ಟೋ ಕೊಳವೆಬಾವಿಗಳ ನೀರು ಗಡಸು. ಗೋಡೆ ಒಣಗುವ ಮುಂಚೆ ಟೈಲು ಮುಚ್ಚಿದರೆ ಆ ಉಪ್ಪು ಸಂದಿಗಳಲ್ಲಿ ಬೆಳ್ಳಗೆ ಹೂಬಿಡುತ್ತದೆ. ಎಷ್ಟು ಉಜ್ಜಿದರೂ ಮತ್ತೆ ಬರುತ್ತದೆಂದು ಗೃಹಿಣಿಯರು ದೂರುವುದು ಇದನ್ನೇ. ಕರಾವಳಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರ್ ಮೀರಿ ಮಳೆ. ಅಲ್ಲಿ ಜೂನಿನಿಂದ ಸೆಪ್ಟೆಂಬರಿನವರೆಗೆ ಗಾರೆ ಒಣಗುವುದೇ ಇಲ್ಲ. ಹೊಸೂರಿನಲ್ಲಿ ಅದರ ಮೂರನೆಯ ಒಂದು ಭಾಗವೂ ಬೀಳುವುದಿಲ್ಲ. ಇಲ್ಲಿ ಅವಸರ ಮಾಡಲು ಕಾರಣವೇ ಇಲ್ಲ, ಆದರೂ ಮಾಡುತ್ತಾರೆ.

ಗಾರೆಗೆ ಮುಂಚೆ, ಗೋಡೆಯೊಳಗಿನ ಕೊಳವೆಗಳಲ್ಲಿ ಒತ್ತಡದ ನೀರು ತುಂಬಿಸಿ ಒಂದು ರಾತ್ರಿ ಬಿಟ್ಟು ನೋಡಬೇಕು. ಸೋರುವ ಕೊಳವೆಯ ಮೇಲೆ ಟೈಲು ಹಾಕಿದ ಮೇಲೆ ಪಶ್ಚಾತ್ತಾಪಕ್ಕೆ ಚದರಡಿ ಲೆಕ್ಕದಲ್ಲಿ ಬೆಲೆ ತೆರಬೇಕಾಗುತ್ತದೆ. ಗಾರೆ ಒಣಗಿದ ಮೇಲೆ ನೆಲಕ್ಕೂ ಗೋಡೆಗೂ ನೀರು ತಡೆಯುವ ಲೇಪ ಎರಡು ಸಲ, ಮೊದಲನೆಯದಕ್ಕೆ ಅಡ್ಡಲಾಗಿ ಎರಡನೆಯದು. ಗೋಡೆಗೆ ಒಂದಡಿ ಸಾಕೆಂದು ಹೇಳುವವರುಂಟು. ಷವರು ಇರುವ ಗೋಡೆಗೆ ತಲೆಯ ಮಟ್ಟಕ್ಕಿಂತ ಮೇಲಕ್ಕೆ ಹೋಗಲಿ. ಆಮೇಲೆ ಕಿಂಡಿ ಮುಚ್ಚಿ, ನೆಲದ ಮೇಲೆ ನೀರು ನಿಲ್ಲಿಸಿ, ಒಂದು ಹಗಲು ಒಂದು ರಾತ್ರಿ ಕಳೆದ ಮೇಲೆ ಕೆಳಗಿನ ಕೋಣೆಯ ಸೂರು ನೋಡಬೇಕು.

ಈಗಿನ ಟೈಲುಗಳ ತೂಕವೂ ಹಿಂದಿನದಲ್ಲ. ಮೊದಲಿನ ಚಿಕ್ಕ ಪಿಂಗಾಣಿ ಟೈಲಿನ ಹಿಂಬದಿ ನೂರಕ್ಕೆ ಹತ್ತಕ್ಕಿಂತ ಹೆಚ್ಚು ನೀರು ಹೀರುತ್ತಿತ್ತು. ನೀರಿನಲ್ಲಿ ನೆನೆಸಿ, ಸಿಮೆಂಟಿನ ಹಾಲು ಬಳಿದು ಒತ್ತಿದರೆ ಕಚ್ಚಿಕೊಳ್ಳುತ್ತಿತ್ತು. ಈಗ ಎಲ್ಲರೂ ಬಯಸುವ ಎರಡಡಿಗೆ ನಾಲ್ಕಡಿಯ ವಿಟ್ರಿಫೈಡ್ ಟೈಲು ನೂರಕ್ಕೆ ಅರ್ಧವೂ ಹೀರದು. ಒಂಬತ್ತು ಮಿಲಿಮೀಟರ್ ದಪ್ಪದ ಅಂಥ ಒಂದು ಟೈಲಿನ ತೂಕ ಸುಮಾರು 15 ಕಿಲೋ. ತಲೆಯ ಮೇಲಿನ ಎತ್ತರದಿಂದ ಅದು ಜಾರಿದರೆ ಏನಾಗುತ್ತದೆಂದು ಬರೆಯಬೇಕಾಗಿಲ್ಲ. ಇದಕ್ಕೆ ಬರಿಯ ಸಿಮೆಂಟು ಸಾಲದು, ಟೈಲಿನ ಅಂಟೇ ಬೇಕು. ಐ.ಎಸ್. 15477 ಎಂಬ ಮಾನಕ ಅಂಟನ್ನು 1ರಿಂದ 5ರವರೆಗೆ ವಿಧಗಳಾಗಿ ವಿಂಗಡಿಸಿದೆ. ಯಾವ ಟೈಲಿಗೆ, ಯಾವ ಗೋಡೆಗೆ ಯಾವುದು ಎಂಬುದು ಚೀಲದ ಹಿಂದೆ ಇರುತ್ತದೆ. ಅದು ಇಂಗ್ಲಿಷಿನಲ್ಲಿರುತ್ತದೆ, ಕೆಲವೊಮ್ಮೆ ಹಿಂದಿಯಲ್ಲಿ; ಕನ್ನಡದಲ್ಲಿ ನಾವು ನೋಡಿಲ್ಲ. ಓದಲು ಬರುವ ಮಗನೋ ಮಗಳೋ ಅದನ್ನು ಓದಿ ಅಮ್ಮನಿಗೂ ಮೇಸ್ತ್ರಿಗೂ ಹೇಳಲಿ. ಕೆಲಸ ನಡೆಯುವಾಗ ಹತ್ತಿರ ನಿಲ್ಲುವವರು ಬಹುಪಾಲು ಅಮ್ಮನೇ.

ಅವರು ನೋಡಬೇಕಾದದ್ದು ಒಂದೇ: ಟೈಲಿನ ನಾಲ್ಕು ಮೂಲೆಗೆ ಒಂದೊಂದು, ನಡುವೆ ಒಂದು, ಹೀಗೆ ಐದು ಉಂಡೆ ಇಟ್ಟು ಗೋಡೆಗೆ ಒತ್ತುತ್ತಾರೆಯೇ? ಹಾಗಿದ್ದರೆ ಕೆಲಸ ನಿಲ್ಲಿಸಬೇಕು. ಉಂಡೆಗಳ ನಡುವೆ ಪೊಳ್ಳು ಉಳಿಯುತ್ತದೆ, ಆ ಪೊಳ್ಳಿನಲ್ಲಿ ನೀರು ನಿಲ್ಲುತ್ತದೆ, ಹುಳುಹುಪ್ಪಟೆ ಮನೆಮಾಡುತ್ತವೆ. ಹಲ್ಲಿನ ಕರಣೆಯಿಂದ ಹಿಂಬದಿಯ ಮೂಲೆಮೂಲೆಗೂ ಅಂಟು ಎಳೆಯಬೇಕು. ಗೋಡೆ ಸೊಟ್ಟಗಿರುವುದರಿಂದಲೇ ಉಂಡೆ ಇಡುತ್ತೇವೆಂದು ಕೆಲಸದವರು ಹೇಳುತ್ತಾರೆ. ಆ ಮಾತು ನಿಜ. ಅದಕ್ಕೇ ಟೈಲಿನವನು ಬರುವ ಹಿಂದಿನ ದಿನ ಆರಡಿಯ ಮಟ್ಟಗೋಲನ್ನು ಗೋಡೆಗೆ ಆನಿಸಿ, ಸಂದಿನಲ್ಲಿ ನಾಣ್ಯ ತೂರುವುದೋ ಎಂದು ನೋಡಿ, ತೂರಿದರೆ ಗಾರೆಯವನನ್ನೇ ಕರೆಸಬೇಕು.

ಕಟ್ಟಿದ ಮನೆಯನ್ನೇ ಕೊಳ್ಳುವವರಿಗೆ ಗೋಡೆಯೊಳಗೆ ಇಣುಕುವ ದಾರಿಯಿಲ್ಲ. ಅವರು ಬಚ್ಚಲಿನ ಟೈಲನ್ನು ನೋಡುವ ಮೊದಲು ಬಚ್ಚಲಿನ ಆಚೆ ಬದಿಯ ಕೋಣೆಗೆ ಹೋಗಿ, ಅದೇ ಗೋಡೆಯ ಬುಡದ ಬಣ್ಣ ಉಬ್ಬಿದೆಯೇ, ಬೀರು ಅಡ್ಡ ಇಟ್ಟು ಮುಚ್ಚಿದ್ದಾರೆಯೇ ಎಂದು ನೋಡಲಿ. ಬಳಿಕ ಒಂದು ರೂಪಾಯಿ ನಾಣ್ಯದಿಂದ ಟೈಲುಗಳನ್ನು ಒಂದೊಂದಾಗಿ ತಟ್ಟಲಿ. ಗಟ್ಟಿ ಸದ್ದು ಬಂದರೆ ಒಳ್ಳೆಯದು. ಮಡಕೆಯ ಸದ್ದು ಬಂದ ಟೈಲಿಗೆ ಪೆನ್ಸಿಲಿನಲ್ಲಿ ಗುರುತು ಹಾಕಲಿ. ಗುರುತುಗಳು ಅಲ್ಲೊಂದು ಇಲ್ಲೊಂದಿದ್ದರೆ ದರದಲ್ಲಿ ಚೌಕಾಸಿ ಮಾಡಬಹುದು. ಷವರಿನ ಗೋಡೆಯ ತುಂಬ ಇದ್ದರೆ, ಬಚ್ಚಲನ್ನು ಕೆಡವಿ ಕಟ್ಟುವ ಖರ್ಚನ್ನು ಕ್ರಯಕ್ಕೆ ಸೇರಿಸಿ ಲೆಕ್ಕ ಹಾಕಿದ ಮೇಲೆಯೇ ಮುಂಗಡ ಕೊಡಲಿ.